ಹಿಗ್ಗುವ ಅನಿಲದ ಕೆಲಸ: ಸಿರವಾರದ ಟ್ರ್ಯಾಕ್ಟರಿನಿಂದ ಶಕ್ತಿನಗರದ ಟರ್ಬೈನ್‌ವರೆಗೆ

ಅನಿಲ ಹಿಗ್ಗುವಾಗಲೋ ಕುಗ್ಗುವಾಗಲೋ ಅದರ ಒತ್ತಡ (ಒ) ಮತ್ತು ಗಾತ್ರ (ಗ) ‘ಒ × ಗ^ನ = ಸ್ಥಿರಾಂಕ’ ಎಂಬ ಸೂತ್ರಕ್ಕೆ ಒಳಪಟ್ಟು ಬದಲಾದರೆ ಅದು ಪಾಲಿಟ್ರೋಪಿಕ್ ಪ್ರಕ್ರಿಯೆ. ಇಲ್ಲಿ ‘ನ’ ಎಂಬುದು ಘಾತಾಂಕ. ಪುಸ್ತಕದಲ್ಲಿ ಇದು ಒಣ ಸೂತ್ರದಂತೆ ಕಂಡರೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರವಾರ, ಮಾನ್ವಿ ಸೀಮೆಯಲ್ಲಿ ಗದ್ದೆಗಿಳಿಯುವ ಪ್ರತಿ ಟ್ರ್ಯಾಕ್ಟರಿನ ಸಿಲಿಂಡರಿನೊಳಗೂ ನಡೆಯುವುದು ಹೆಚ್ಚುಕಡಿಮೆ ಇದೇ.

ದಾರಿ ಬದಲಾದರೆ ಕೆಲಸವೂ ಬದಲು

ಪಿಸ್ಟನ್ನನ್ನು ಅನಿಲ ತಳ್ಳಿದಾಗ ಆಗುವ ಕೆಲಸವೆಂದರೆ ಒತ್ತಡ ಮತ್ತು ಹೆಚ್ಚಿದ ಗಾತ್ರದ ಗುಣಲಬ್ಧ. ತೊಡಕಿರುವುದು ಒಂದೇ ಕಡೆ: ಹಿಗ್ಗುತ್ತ ಹೋದಂತೆ ಒತ್ತಡ ಇಳಿಯುತ್ತದೆ. ಹಾಗಾಗಿ ಸಣ್ಣ ಸಣ್ಣ ತುಂಡುಗಳಾಗಿ ಗುಣಿಸಿ ಕೂಡಬೇಕು. ಒತ್ತಡ–ಗಾತ್ರ ನಕ್ಷೆಯಲ್ಲಿ ಗೆರೆಯ ಕೆಳಗಿನ ವಿಸ್ತೀರ್ಣವೇ ಕೆಲಸ. ಮೊದಲ ಮತ್ತು ಕೊನೆಯ ಗಾತ್ರ ಗೊತ್ತಿದ್ದರೆ ಸಾಲದು, ನಡುವಿನ ದಾರಿಯೂ ಗೊತ್ತಿರಬೇಕು. ಆ ದಾರಿಯನ್ನು ಒಂದೇ ಅಂಕಿಯಲ್ಲಿ ಹೇಳುವುದು ‘ನ’. ಕೂಡುವ ಕೆಲಸವನ್ನು ಅನುಕಲನದಿಂದ ಮುಗಿಸಿದರೆ ಸಿಗುವ ಫಲ:

ಕೆಲಸ = (ಒ₁ಗ₁ − ಒ₂ಗ₂) ÷ (ನ − 1)

‘ನ’ 1 ಆದಾಗ ಛೇದ ಸೊನ್ನೆಯಾಗುವುದರಿಂದ ಈ ಸೂತ್ರ ಕೈಕೊಡುತ್ತದೆ. ಆಗ ಒ₁ಗ₁ ಅನ್ನು (ಗ₂ ÷ ಗ₁) ಅನುಪಾತದ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಬೇಕು.

ಒಂದು ಲೆಕ್ಕ

1 ಲೀಟರ್ ಗಾಳಿ 10 ಬಾರ್ ಒತ್ತಡದಲ್ಲಿದೆ, 4 ಲೀಟರಿಗೆ ಹಿಗ್ಗುತ್ತದೆ ಎಂದಿಟ್ಟುಕೊಳ್ಳಿ. 10 ಬಾರ್ ಎಂದರೆ 10 ಲಕ್ಷ ಪಾಸ್ಕಲ್, ಅದನ್ನು 0.001 ಘನ ಮೀಟರಿನಿಂದ ಗುಣಿಸಿದರೆ ಒ₁ಗ₁ ಸರಿಯಾಗಿ 1000 ಜೂಲ್.

ಒತ್ತಡ ಇಳಿಯದಂತೆ ನೋಡಿಕೊಂಡರೆ (ನ = 0) 3000 ಜೂಲ್ ಕೆಲಸ. ಉಷ್ಣಾಂಶ ಬದಲಾಗದಂತೆ ನಿಧಾನವಾಗಿ ಹಿಗ್ಗಿಸಿದರೆ (ನ = 1) 1386. ಹೊರಗಿನ ಬಿಸಿ ಒಳಬಾರದಂತೆ ಪೂರ್ತಿ ತಡೆದರೆ, ಅಂದರೆ ಗಾಳಿಗೆ ‘ನ’ 1.4 ಆದರೆ, 1064. ನಿಜವಾದ ಯಂತ್ರಗಳು ಇವೆರಡರ ನಡುವೆ ಎಲ್ಲೋ ಇರುತ್ತವೆ. ‘ನ’ 1.3 ಎಂದು ಹಿಡಿಯೋಣ. 4ರ 1.3ನೇ ಘಾತ ಸುಮಾರು 6.06; ಕೊನೆಯ ಒತ್ತಡ 10 ÷ 6.06, ಅಂದರೆ 1.65 ಬಾರ್. ಒ₂ಗ₂ ಸುಮಾರು 660 ಜೂಲ್. 1000ದಿಂದ ಅದನ್ನು ಕಳೆದು 0.3ರಿಂದ ಭಾಗಿಸಿದರೆ 1134 ಜೂಲ್. ಗಾಳಿ ಅದೇ, ಗಾತ್ರವೂ ಅದೇ. ಬದಲಾದದ್ದು ದಾರಿ ಮಾತ್ರ.

ಈ ಕೆಲಸದಲ್ಲಿ ಎಷ್ಟು ಪಾಲು ಹೊರಗಿನ ಬಿಸಿಯಿಂದ ಬಂತು? (1.4 − ನ) ÷ 0.4. ನಮ್ಮ ಉದಾಹರಣೆಯಲ್ಲಿ ಕಾಲು ಭಾಗ. ಉಳಿದ ಮುಕ್ಕಾಲನ್ನು ಗಾಳಿ ತನ್ನೊಳಗಿನ ಶಕ್ತಿಯಿಂದಲೇ ತೆತ್ತು ತಣ್ಣಗಾಗುತ್ತದೆ: 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುರುವಾದರೆ ಲೆಕ್ಕದ ಪ್ರಕಾರ −75ಕ್ಕೆ ಇಳಿಯಬೇಕು. ಗಣಿಗಳಲ್ಲಿ ಬಂಡೆ ಕೊರೆಯಲು ಒತ್ತಿದ ಗಾಳಿಯ ಡ್ರಿಲ್ ಬಳಸುತ್ತಾರೆ. ಅದರೊಳಗೆ ಗಾಳಿ ಇಷ್ಟೊಂದು ಹಿಗ್ಗುವುದಿಲ್ಲ. ಆದರೂ ತೇವದ ಗಾಳಿ ಹೊರಬೀಳುವ ತೂತಿನಲ್ಲಿ ಮಂಜುಗಡ್ಡೆ ಕಟ್ಟುವುದುಂಟು.

ಟ್ರ್ಯಾಕ್ಟರಿನೊಳಗೆ

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಅದುಮಿಯೇ ಉರಿಯುವಷ್ಟು ಬಿಸಿ ಮಾಡಬೇಕು. ರಾಯಚೂರಿನ ಬೇಸಿಗೆಯ 40 ಡಿಗ್ರಿ ಗಾಳಿಯನ್ನು ಹದಿನೇಳರಲ್ಲಿ ಒಂದು ಪಾಲಿಗೆ ಅದುಮಿದರೆ, ‘ನ’ 1.35 ಎಂದು ಹಿಡಿದಾಗ, ಉಷ್ಣಾಂಶ ಸುಮಾರು 570 ಡಿಗ್ರಿಗೂ ಒತ್ತಡ ಸುಮಾರು 46 ಬಾರ್‌ಗೂ ಏರುತ್ತದೆ. ಡೀಸೆಲ್ ತಾನೇ ಹೊತ್ತಿಕೊಳ್ಳಲು ಇದು ಧಾರಾಳ. ಇಲ್ಲಿ ಅದೇ ಸೂತ್ರ ಋಣ ಉತ್ತರ ಕೊಡುತ್ತದೆ, ಏಕೆಂದರೆ ಕೆಲಸ ಮಾಡಿದ್ದು ಪಿಸ್ಟನ್. ಉರಿದ ಅನಿಲ ಹಿಗ್ಗುವಾಗ ಈ ಸಾಲ ಬಡ್ಡಿ ಸಮೇತ ತೀರುತ್ತದೆ. ಹೆಚ್ಚುವರಿಯಾಗಿ ಉಳಿದದ್ದೇ ಚಕ್ರ ತಿರುಗಿಸುವುದು. ಆದರೆ ಹಿಗ್ಗುವಿಕೆಯ ಮೊದಲ ಗಳಿಗೆಗಳಲ್ಲಿ ಡೀಸೆಲ್ ಇನ್ನೂ ಉರಿಯುತ್ತಿರುತ್ತದೆ, ‘ನ’ ಒಂದೇ ಸಮನಾಗಿರುವುದಿಲ್ಲ. ಒಂದೇ ಅಂಕಿ ಹಿಡಿದು ಮಾಡಿದ ಲೆಕ್ಕ ಅಂದಾಜಷ್ಟೇ.

ಶಕ್ತಿನಗರದಲ್ಲಿ ಸೂತ್ರ ಬೇರೆ

ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಚಾಲೂ ಆಯಿತು. 210 ಮೆಗಾವಾಟಿನ ಏಳು ಮತ್ತು 250 ಮೆಗಾವಾಟಿನ ಒಂದು, ಒಟ್ಟು 1720 ಮೆಗಾವಾಟ್. ಇಲ್ಲಿ ಹಿಗ್ಗುವುದು ಹಬೆ. ಅದೂ ಮುಚ್ಚಿದ ಸಿಲಿಂಡರಿನಲ್ಲಲ್ಲ, ಹರಿಯುತ್ತಲೇ. ಹರಿಯುವ ಅನಿಲವನ್ನು ಒಳತಳ್ಳುವ, ಹೊರಹಾಕುವ ಕೆಲಸವೂ ಲೆಕ್ಕಕ್ಕೆ ಸೇರುವುದರಿಂದ ಮೇಲಿನ ಉತ್ತರವನ್ನು ‘ನ’ ದಿಂದ ಗುಣಿಸಬೇಕು. ನಮ್ಮ 1134 ಜೂಲ್ ಆಗ 1474 ಆಗುತ್ತದೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಹಬೆ ಆದರ್ಶ ಅನಿಲವೂ ಅಲ್ಲ. ಬಿಸಿ ಹೊರಹೋಗದಂತೆ ಹಿಗ್ಗುವಾಗ ಅತಿಕಾಸಿದ ಹಬೆಗೆ ‘ನ’ ಸುಮಾರು 1.3, ತೇವದ ಅಂಚಿಗೆ ಬಂದ ಹಬೆಗೆ 1.135. ಟರ್ಬೈನಿನೊಳಗೆ ಹಬೆ ಎರಡೂ ಸ್ಥಿತಿಗಳನ್ನು ದಾಟುವುದರಿಂದ ಎಂಜಿನಿಯರುಗಳು ಈ ಸೂತ್ರ ಬಿಟ್ಟು ಹಬೆಯ ಕೋಷ್ಟಕಗಳ ಮೊರೆ ಹೋಗುತ್ತಾರೆ. ಅದೇ ಸರಿ.

‘ನ’ ತಿಳಿಯುವುದು ಹೇಗೆ?

ಅಳೆದೇ ತಿಳಿಯಬೇಕು. 1796ರಲ್ಲಿ ಜೇಮ್ಸ್ ವಾಟ್ ಅವರ ಸಹಾಯಕ ಜಾನ್ ಸದರ್ನ್ ಎಂಜಿನ್ ತಾನೇ ತನ್ನ ಒತ್ತಡ–ಗಾತ್ರ ನಕ್ಷೆ ಬರೆಯುವ ಸಾಧನ ರೂಪಿಸಿದರು. ಈಗ ಆ ಕೆಲಸ ಸೆನ್ಸರ್‌ಗಳದ್ದು. ನಕ್ಷೆಯಿಂದ ಎರಡು ಬಿಂದು ಆರಿಸಿ, ಒತ್ತಡಗಳ ಅನುಪಾತದ ಲಾಗರಿದಮನ್ನು ಗಾತ್ರಗಳ ಅನುಪಾತದ ಲಾಗರಿದಮಿನಿಂದ ಭಾಗಿಸಿದರೆ ‘ನ’ ಸಿಗುತ್ತದೆ.

ಲೆಕ್ಕಕ್ಕೆ ಕೂರುವವರು ಒಂದು ನೆನಪಿಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮೇಲಿನ ಗೇಜು ತೋರಿಸುವುದು ವಾತಾವರಣಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಗೇಜಿನಲ್ಲಿ 9 ಬಾರ್ ಇದ್ದರೆ ಸೂತ್ರಕ್ಕೆ 10 ಹಾಕಿ.