ಹಾಲು ಹೊಯ್ಯುವವಳು ಹಳದಿಯಾದ ಕತೆ

ಒಬ್ಬ ಹೆಂಗಸು ಕಿಟಕಿಯ ಪಕ್ಕ ನಿಂತು ಮಣ್ಣಿನ ಹೂಜಿಯಿಂದ ಹಾಲು ಹೊಯ್ಯುತ್ತಿದ್ದಾಳೆ. ತೋಳು ಮಡಚಿದ್ದಾಳೆ. ಮೈಮೇಲೆ ಹಳದಿ ಕುಪ್ಪಸ, ಸೊಂಟಕ್ಕೆ ಕಡು ನೀಲಿ ಬಟ್ಟೆ. ಮೇಜಿನ ಮೇಲೆ ಬುಟ್ಟಿ ತುಂಬ ಬ್ರೆಡ್ಡು, ಪಕ್ಕದಲ್ಲಿ ಅದರ ಚೂರುಗಳು. ಚಿತ್ರ ಅಂದರೆ ಇಷ್ಟೇ. ಅದರ ಅಳತೆ ಉದ್ದಕ್ಕೂ ಅಗಲಕ್ಕೂ ಒಂದೂವರೆ ಅಡಿ ದಾಟುವುದಿಲ್ಲ. ನೆದರ್ಲೆಂಡ್ಸ್‌ನ ಯೋಹಾನೆಸ್ ವರ್ಮೀರ್ ಸುಮಾರು 1660ರ ಹೊತ್ತಿಗೆ ಬಿಡಿಸಿದ್ದು. ನಮ್ಮೂರ ಡೇರಿಗೆ ಹಾಲು ಹಾಕಲು ಹೋಗುವ ಯಾವ ಅಕ್ಕನಿಗೆ ತೋರಿಸಿದರೂ ಆ ಕೈಯ ಹಿಡಿತ ಅರ್ಥವಾಗುತ್ತದೆ. ಕೊನೆಯ ಹನಿಯೂ ಚೆಲ್ಲಬಾರದು ಅಂತ ಹೊಯ್ಯುವ ರೀತಿ ಅದು.

ಈ ಚಿತ್ರ ಆಮ್‌ಸ್ಟರ್‌ಡ್ಯಾಮ್ ನಗರದ ರೈಕ್ಸ್‌ಮ್ಯೂಸಿಯಂನಲ್ಲಿದೆ. 1908ರಲ್ಲಿ ಅದನ್ನು ಕೊಂಡು ತಂದರು. ಆಮೇಲೆ ಸುಮಾರು ನೂರು ವರ್ಷ ಅವಳು ಗೋಡೆಯ ಮೇಲೆ ಸುಖವಾಗಿಯೇ ಇದ್ದಳು. ತೊಂದರೆ ಶುರುವಾದದ್ದು ಇಂಟರ್ನೆಟ್ ಬಂದ ಮೇಲೆ.

ಯಾರೋ ಹಳೆಯ ಪುಸ್ತಕದಿಂದ ಸ್ಕ್ಯಾನ್ ಮಾಡಿದರು, ಯಾರೋ ಕೆಟ್ಟ ಕ್ಯಾಮೆರಾದಲ್ಲಿ ತೆಗೆದರು, ಅದನ್ನು ಇನ್ಯಾರೋ ನಕಲು ಹಾಕಿದರು. ಪ್ರತಿ ನಕಲಿನಲ್ಲೂ ಬಣ್ಣ ಒಂದಿಷ್ಟು ಕೆಟ್ಟು, ಗೋಡೆಯ ಬಿಳುಪು ಹೋಗಿ, ಹಾಲೂ ಹಳದಿ, ಹೆಂಗಸೂ ಹಳದಿ. ಮ್ಯೂಸಿಯಂನವರು ಹುಡುಕಿ ನೋಡಿದಾಗ ಇಂಥ ಹಾಳು ನಕಲುಗಳು 10,000ಕ್ಕೂ ಹೆಚ್ಚು ಸಿಕ್ಕವು. ತಮಾಷೆಯ ವಿಷಯ ಇನ್ನೂ ಮುಂದಿದೆ. ಮ್ಯೂಸಿಯಂ ಅಂಗಡಿಯಲ್ಲಿ ಸರಿಯಾದ ಬಣ್ಣದ ಪೋಸ್ಟ್‌ಕಾರ್ಡ್ ಮಾರುತ್ತಿದ್ದರಲ್ಲ, ಜನ ಅದನ್ನು ನಂಬಲೇ ಇಲ್ಲ. ಇದು ಅಸಲಿ ಚಿತ್ರದ ಹಾಗಿಲ್ಲ ಅಂದರು. ಅಸಲಿ ಚಿತ್ರ ಅದೇ ಕಟ್ಟಡದ ಒಳಗೇ ಇತ್ತು! ಯುರೋಪಿನ ಗ್ರಂಥಾಲಯ, ಮ್ಯೂಸಿಯಂಗಳ ಸಂಗ್ರಹವನ್ನು ಒಂದೇ ಕಡೆ ತೋರಿಸುವ ಯುರೋಪಿಯಾನಾ ಸಂಸ್ಥೆ 2011ರಲ್ಲಿ ಒಂದು ವರದಿ ತಂದು, ಅದಕ್ಕೆ 'ಹಳದಿ ಹಾಲಿನವಳ ಸಮಸ್ಯೆ' ಎಂಬರ್ಥದ ಹೆಸರನ್ನೇ ಇಟ್ಟಿತು.

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಸಂಸ್ಥೆಗಳು ಏನು ಮಾಡುತ್ತವೆ ಅಂತ ನಮಗೆ ಗೊತ್ತು. ಬೀಗ ಗಟ್ಟಿ ಮಾಡುತ್ತವೆ, ಚಿತ್ರದ ಮೇಲೆ ಅಡ್ಡಡ್ಡ ಹೆಸರು ಬರೆಯುತ್ತವೆ, ನೋಟಿಸ್ ಕಳಿಸುತ್ತವೆ. ಈ ಮ್ಯೂಸಿಯಂ ಉಲ್ಟಾ ದಾರಿ ಹಿಡಿಯಿತು. ಅದು ಯಾಕೆ ಅಂತ ತಿಳಿಯಲು ಅದರ ಹಳೆಯ ಕತೆ ಸ್ವಲ್ಪ ನೋಡಬೇಕು.

1800ರಲ್ಲಿ ಹೇಗ್ ನಗರದಲ್ಲಿ ಈ ಸಂಗ್ರಹ ಮೊದಲು ಜನರಿಗೆ ತೆರೆಯಿತು. 1808ರಲ್ಲಿ ಆಗಿನ ರಾಜ, ನೆಪೋಲಿಯನ್ನನ ತಮ್ಮ ಲೂಯಿ ಬೊನಾಪಾರ್ಟ್, ಅದನ್ನು ಆಮ್‌ಸ್ಟರ್‌ಡ್ಯಾಮ್‌ಗೆ ಸಾಗಿಸಿದ. ಸ್ವಂತ ಕಟ್ಟಡ ಬೇಕು ಅಂತ 1863ರಲ್ಲಿ ಒಂದು ವಿನ್ಯಾಸ ಸ್ಪರ್ಧೆ ಇಟ್ಟರು. ಪಿಯೆರ್ ಕಾಯ್ಪರ್ಸ್ ಎಂಬ ವಾಸ್ತುಶಿಲ್ಪಿಗೆ ಎರಡನೇ ಸ್ಥಾನ. ಮೊದಲ ಸ್ಥಾನ ಬಂದದ್ದನ್ನೂ ಕಟ್ಟಲಿಲ್ಲ. 1876ರಲ್ಲಿ ಮತ್ತೆ ಸ್ಪರ್ಧೆ, ಈ ಸಲ ಗೆದ್ದದ್ದು ಅದೇ ಕಾಯ್ಪರ್ಸ್. 1885ರಲ್ಲಿ ಕಟ್ಟಡ ತೆರೆಯಿತು. ಕೆಂಪು ಇಟ್ಟಿಗೆ, ಗೋಪುರ, ಬಣ್ಣದ ಗಾಜು ಎಲ್ಲ ನೋಡಿ ಚರ್ಚಿನ ಹಾಗಿದೆ ಅಂತ ಬಹಳ ಜನ ಸಿಟ್ಟಾದರು. ರಾಜ ಮೂರನೇ ವಿಲಿಯಂ ಆ ಮಠದೊಳಗೆ ತಾನು ಕಾಲಿಡುವುದಿಲ್ಲ ಎಂದನಂತೆ. ಅಂದರೆ ಈ ಮ್ಯೂಸಿಯಂಗೆ ಸ್ಪರ್ಧೆಯೂ ಹೊಸದಲ್ಲ, ಸ್ಪರ್ಧೆ ಮುಗಿದ ಮೇಲಿನ ಜಗಳವೂ ಹೊಸದಲ್ಲ.

ಆ ಕಾಲದಲ್ಲಿ ಮ್ಯೂಸಿಯಂ ಜೊತೆಗೇ ಚಿತ್ರಕಲಾ ಶಿಕ್ಷಕರ ಶಾಲೆ, ಕುಶಲಕರ್ಮಿಗಳ ಶಾಲೆ ನಡೆಯುತ್ತಿದ್ದವು. ಹಳೆಯ ವಸ್ತು ನೋಡಿ ಹೊಸದು ಮಾಡಲು ಕಲಿಯಲಿ ಎಂಬುದು ಲೆಕ್ಕ. ಇನ್ನೊಂದು ವಿಶೇಷವೆಂದರೆ ಕಟ್ಟಡದ ಹೊಟ್ಟೆಯ ನಡುವೆಯೇ ಸಾರ್ವಜನಿಕ ದಾರಿ ಹಾದುಹೋಗುತ್ತದೆ. 2003ರಲ್ಲಿ ದುರಸ್ತಿಗೆಂದು ಮ್ಯೂಸಿಯಂನ ಮುಖ್ಯ ಕಟ್ಟಡ ಮುಚ್ಚಿದಾಗ, ಹೊಸ ನಕ್ಷೆಯಲ್ಲಿ ಆ ದಾರಿ ಕಿರಿದಾಗುತ್ತದೆ ಅಂತ ಸೈಕಲ್ ಸವಾರರ ಸಂಘ ಪಟ್ಟು ಹಿಡಿಯಿತು. ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಕೊನೆಗೆ ಸೈಕಲ್ಲಿನವರೇ ಗೆದ್ದರು, ಇವತ್ತಿಗೂ ಅಲ್ಲಿ ಸೈಕಲ್ ಓಡುತ್ತವೆ. ರೂಢಿಯ ದಾರಿ ಮುಚ್ಚಿದರೆ ಏನಾಗುತ್ತದೆ ಅಂತ ಹೊಲ ಇರುವವರಿಗೆ ನಾನು ಹೇಳಬೇಕಿಲ್ಲ, ನಮ್ಮ ತಾಲೂಕು ಕಚೇರಿಯ ಅರ್ಧ ತಕರಾರು ಅದೇ.

ಕೆಲವೇ ವರ್ಷ ಅಂದುಕೊಂಡ ದುರಸ್ತಿ ಹತ್ತು ವರ್ಷ ಹಿಡಿಯಿತು. ಮುಚ್ಚಿದ ಮ್ಯೂಸಿಯಂ ಅಂದರೆ ಜನ ಮರೆತ ಮ್ಯೂಸಿಯಂ. ಒಂದು ಪಕ್ಕದಲ್ಲಿ ಮುಖ್ಯ ಚಿತ್ರಗಳನ್ನಷ್ಟೇ ತೋರಿಸುತ್ತಿದ್ದರು. ಆ ಹೊತ್ತಿನಲ್ಲಿ, ಬಾಗಿಲು ಪೂರ್ತಿ ತೆರೆಯುವ ಮೊದಲೇ, 2012ರ ಅಕ್ಟೋಬರ್‌ನಲ್ಲಿ 'ರೈಕ್ಸ್‌ಸ್ಟುಡಿಯೋ' ಎಂಬ ಆನ್‌ಲೈನ್ ವ್ಯವಸ್ಥೆ ಬಂತು. 1,25,000 ಕಲಾಕೃತಿಗಳ ಒಳ್ಳೆಯ, ದೊಡ್ಡ ಫೋಟೋಗಳು. ಯಾರು ಬೇಕಾದರೂ ನೋಡಬಹುದು, ಹಿಗ್ಗಿಸಬಹುದು, ಬೇಕಾದ ಮೂಲೆಯನ್ನು ಕತ್ತರಿಸಿ ಇಟ್ಟುಕೊಳ್ಳಬಹುದು, ಇಳಿಸಿಕೊಳ್ಳಬಹುದು. ದುಡ್ಡು ಕೊಡಬೇಕಿಲ್ಲ.

ಆಗ ಸಂಗ್ರಹ ವಿಭಾಗದ ನಿರ್ದೇಶಕರಾಗಿದ್ದ ಟಾಕೋ ಡಿಬಿಟ್ಸ್ ಪತ್ರಿಕೆಯೊಂದಕ್ಕೆ ಹೇಳಿದ್ದರ ತಾತ್ಪರ್ಯ ಹೀಗಿತ್ತು: ಜನ ವರ್ಮೀರನ ಚಿತ್ರವನ್ನು ಟಾಯ್ಲೆಟ್ ಪೇಪರ್ ಮೇಲೆ ಅಚ್ಚು ಹಾಕುವುದೇ ಆದರೆ ಹಾಕಲಿ, ಕೆಟ್ಟ ನಕಲಿನ ಬದಲು ನಾವು ಕೊಟ್ಟ ಒಳ್ಳೆಯ ಪ್ರತಿಯಿಂದ ಹಾಕಲಿ. ಮಡಿವಂತರಿಗೆ ಈ ಮಾತು ಹಿಡಿಸುವುದಿಲ್ಲ. ನನಗೆ ಹಿಡಿಸಿತು. ಹಳದಿ ನಕಲನ್ನು ಓಡಿಸಲು ಪೊಲೀಸರಿಂದ ಆಗುವುದಿಲ್ಲ, ಒಳ್ಳೆಯ ಪ್ರತಿಯಿಂದ ಆಗುತ್ತದೆ.

ಕಾನೂನಿನ ಮಾತು ಒಂದಿಷ್ಟು. ಯುರೋಪಿನಲ್ಲಿ ಕಲಾವಿದ ಸತ್ತ 70 ವರ್ಷದ ತನಕ ಅವನ ಕೃತಿಯ ಹಕ್ಕು ವಾರಸುದಾರರದ್ದು, ಆಮೇಲೆ ಅದು ಎಲ್ಲರದ್ದು. ನಮ್ಮ ದೇಶದಲ್ಲಿ ಈ ಅವಧಿ 60 ವರ್ಷ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ ತಿದ್ದುಪಡಿ ತಂದು ಹತ್ತು ವರ್ಷ ಬೆಳೆಸಿದರು. ವರ್ಮೀರ್ ಸತ್ತದ್ದು 1675ರಲ್ಲಿ. ಚಿತ್ರ ಎಂದೋ ಎಲ್ಲರದ್ದಾಗಿತ್ತು. ಆದರೂ ಅದರ ಒಳ್ಳೆಯ ಫೋಟೋ ಮ್ಯೂಸಿಯಂನ ಪೆಟ್ಟಿಗೆಯಲ್ಲಿತ್ತು. ಕೆರೆ ಊರಿನದ್ದು, ತೂಬಿನ ಕೀಲಿ ಒಬ್ಬರ ಹತ್ತಿರ, ಅಂಥ ಸ್ಥಿತಿ.

2013ರ ಏಪ್ರಿಲ್ 13ರಂದು ರಾಣಿ ಬಿಯಾಟ್ರಿಕ್ಸ್ ಮ್ಯೂಸಿಯಂನ ಬಾಗಿಲು ತೆರೆದರು. ಚಿತ್ರ ಕೊಟ್ಟಾಯಿತು, ಜನ ಅದರಿಂದ ಏನು ಮಾಡುತ್ತಾರೆ ನೋಡೋಣ ಅಂತ ಮ್ಯೂಸಿಯಂ ಒಂದು ಬಹಿರಂಗ ಸ್ಪರ್ಧೆ ಘೋಷಿಸಿತು, ರೈಕ್ಸ್‌ಸ್ಟುಡಿಯೋ ಪ್ರಶಸ್ತಿ. ಮೊದಲ ಸಲ ಪ್ರಶಸ್ತಿ ಕೊಟ್ಟದ್ದು 2014ರಲ್ಲಿ. ಯಾವ ದೇಶದವರಾದರೂ ಸೇರಬಹುದಿತ್ತು, ಡಿಗ್ರಿ ಕೇಳುತ್ತಿರಲಿಲ್ಲ. ಸಂಗ್ರಹದ ಯಾವುದಾದರೂ ಕೃತಿಯನ್ನು ಆಧಾರವಾಗಿಟ್ಟುಕೊಂಡು ಹೊಸದೊಂದು ವಸ್ತು ಮಾಡಬೇಕಿತ್ತು. ಬಟ್ಟೆ, ಪಾತ್ರೆ, ಕುರ್ಚಿ, ಆಟಿಕೆ ಏನಾದರೂ ಸರಿ. ಮೊದಲ ಬಹುಮಾನ ಆಗ 10,000 ಯೂರೋ ಇತ್ತು.

2017ರಲ್ಲಿ ಗೆದ್ದವರು ಬೆಲಾರೂಸ್ ದೇಶದ ಲೆಶಾ ಲಿಮೊನೊವ್. ಮಾಡಿದ್ದು ಏನು ಗೊತ್ತೇ? ರಾತ್ರಿ ಬಸ್ಸಿನಲ್ಲಿ, ವಿಮಾನದಲ್ಲಿ ಮಲಗುವಾಗ ಬೆಳಕು ಬೀಳದ ಹಾಗೆ ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ. ಅದರ ಮೇಲೆ ಹಳೆಯ ಭಾವಚಿತ್ರಗಳ ತೆರೆದ ಕಣ್ಣುಗಳನ್ನು ಅಚ್ಚು ಹಾಕಿದ್ದರು. ಪಟ್ಟಿ ಕಟ್ಟಿಕೊಂಡವನು ಗೊರಕೆ ಹೊಡೆಯುತ್ತಿರುತ್ತಾನೆ, ಎದುರಿನವನಿಗೆ ಮುನ್ನೂರೈವತ್ತು ವರ್ಷದ ಹಿಂದಿನ ಸಾಹುಕಾರನೊಬ್ಬ ದುರುಗುಟ್ಟಿ ನೋಡಿದ ಹಾಗೆ ಕಾಣುತ್ತದೆ. ಅದೇ ಸುತ್ತಿನಲ್ಲಿ ಹಳೆಯ ಚಿತ್ರಗಳನ್ನು ಹೊದಿಕೆಗೆ ಹಾಕಿದ ಕಾಂಡೋಮ್ ಪೊಟ್ಟಣಗಳೂ ಮೆಚ್ಚುಗೆ ಪಡೆದವು. ನಮ್ಮಲ್ಲಾಗಿದ್ದರೆ ಮಾರನೇ ದಿನ ಧರಣಿ, ನನಗೆ ಎರಡು ಕಾಲಂ ಸುದ್ದಿ.

ನಗುವ ವಿಷಯವಾದರೂ ಇದರಲ್ಲಿ ಒಂದು ಗಟ್ಟಿ ಸಂಗತಿ ಇದೆ. ಕಲಾವಿದರು ಎಂದಿನಿಂದಲೂ ಇನ್ನೊಬ್ಬರದ್ದನ್ನು ನೋಡಿಯೇ ಕಲಿತವರು. ಇದೇ ನೆದರ್ಲೆಂಡ್ಸ್‌ನ ರೆಂಬ್ರಾಂಟ್ 1656ರಿಂದಾಚೆಗೆ ನಮ್ಮ ಮೊಘಲರ ಕಿರುಚಿತ್ರಗಳನ್ನು ಮುಂದಿಟ್ಟುಕೊಂಡು ನಕಲು ಮಾಡಿದ. ಷಹಜಹಾನ್, ಜಹಾಂಗೀರ್, ಕುದುರೆ ಸವಾರರು. ಅಂಥ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ. ಅವನು ಭಾರತಕ್ಕೆ ಬಂದವನಲ್ಲ. ವ್ಯಾಪಾರದ ಹಡಗಿನಲ್ಲಿ ಬಂದ ಚಿತ್ರಗಳೇ ಅವನ ಡೌನ್‌ಲೋಡ್.

ಆದರೆ ಹೀಗೆ ತೆರೆದಿಟ್ಟರೆ ಯಾವಾಗಲೂ ಎಲ್ಲರಿಗೂ ಲಾಭ ಅಂತ ಇತಿಹಾಸ ಹೇಳುವುದಿಲ್ಲ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು.

1851ರಲ್ಲಿ ಲಂಡನ್ನಿನಲ್ಲಿ ಮಹಾ ಪ್ರದರ್ಶನ ನಡೆಯಿತು. ಭಾರತದ ನೇಯ್ಗೆ, ಲೋಹದ ಕೆಲಸ ನೋಡಿ ಅಲ್ಲಿನವರು ಬೆರಗಾದರು. ನಮ್ಮ ಬೀದರಿನ ಬಿದರಿ ಕೆಲಸವೂ ಅಲ್ಲಿತ್ತು. ಅದಾಗಿ ಹದಿನೈದು ವರ್ಷಕ್ಕೆ, 1866ರಲ್ಲಿ, ಲಂಡನ್ನಿನ ಇಂಡಿಯಾ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಫೋರ್ಬ್ಸ್ ವಾಟ್ಸನ್ ಎಂಬ ಅಧಿಕಾರಿ ಒಂದು ವಿಚಿತ್ರ ಪುಸ್ತಕ ಮಾಲೆ ಹೊರತಂದ. ಒಟ್ಟು 18 ಸಂಪುಟ. ಅದರಲ್ಲಿ ಚಿತ್ರಗಳ ಬದಲು ಬಟ್ಟೆಯೇ ಇತ್ತು. ಭಾರತದ ನೇಕಾರರು ನೇಯ್ದ ಸೀರೆ, ಪಂಚೆ, ರುಮಾಲು, ಮಸ್ಲಿನ್‌ಗಳನ್ನು ಕತ್ತರಿಸಿ 700 ತುಂಡು ಅಂಟಿಸಿದ್ದರು. ಪಕ್ಕದಲ್ಲಿ ಅಳತೆ, ತೂಕ, ಎಲ್ಲಿಯದ್ದು ಎಂಬ ವಿವರ. ಇಂಥ 20 ಸೆಟ್ ಮಾಡಿ, 13 ಸೆಟ್ಟನ್ನು ಬ್ರಿಟನ್ನಿನಲ್ಲಿ ಮ್ಯಾಂಚೆಸ್ಟರಿನಂಥ ಊರುಗಳಿಗೆ ಹಂಚಿದರು. 7 ಸೆಟ್ ಭಾರತಕ್ಕೆ.

ಉದ್ದೇಶವನ್ನು ವಾಟ್ಸನ್ ಮುಚ್ಚಿಡಲಿಲ್ಲ. ಭಾರತದ ಜನ ಎಂಥ ಬಟ್ಟೆ ಉಡುತ್ತಾರೆ, ಅಂಚು ಎಷ್ಟು, ಸೆರಗು ಎಷ್ಟು ಅಂತ ನೋಡಿಕೊಂಡು ಅಲ್ಲಿನ ಗಿರಣಿಗಳು ಅದನ್ನೇ ಅಗ್ಗಕ್ಕೆ ನೇಯ್ದು ಇಲ್ಲಿಗೆ ಮಾರಬೇಕು. ಆ 18 ಸಂಪುಟಗಳನ್ನು ಅವನೇ ಮ್ಯೂಸಿಯಂ ಎಂದು ಕರೆದ. ಅದೂ 'ಸಂಗ್ರಹದಿಂದ ಪ್ರೇರಣೆ ಪಡೆಯಿರಿ' ಎಂಬ ಕರೆಯೇ. ನೇಯ್ದವನ ಹೆಸರು ಯಾವ ತುಂಡಿನ ಪಕ್ಕದಲ್ಲೂ ಇಲ್ಲ. ಅವನ ಮಗ್ಗ ಆಗ ಇನ್ನೂ ಓಡುತ್ತಿತ್ತು.

ವರ್ಮೀರನ ಚಿತ್ರಕ್ಕೂ ನೇಕಾರನ ಅಂಚಿಗೂ ವ್ಯತ್ಯಾಸ ಇರುವುದು ಇಲ್ಲಿಯೇ. ವರ್ಮೀರನ ಹೊಟ್ಟೆಪಾಡು 1675ಕ್ಕೆ ಮುಗಿಯಿತು. ಇಳಕಲ್ಲಿನ ಕೈಮಗ್ಗದವರ ಹೊಟ್ಟೆಪಾಡು ಈ ತಿಂಗಳಿನದ್ದು. ತೋಪು ತೆನಿ ಸೆರಗನ್ನು ಯಾರೋ ಪವರ್‌ಲೂಮಿಗೆ ಹಾಕಿ ಇಳಕಲ್ ಅಂತಲೇ ಮಾರಿದರೆ, ಆ ವಿನ್ಯಾಸ ಎಷ್ಟು ಶತಮಾನ ಹಳೆಯದು ಎಂಬ ಲೆಕ್ಕ ಮಗ್ಗದವನಿಗೆ ಉಪಯೋಗಕ್ಕೆ ಬರುವುದಿಲ್ಲ. ಇಳಕಲ್ ಸೀರೆ, ಕಸೂತಿ, ಚನ್ನಪಟ್ಟಣದ ಆಟಿಕೆ, ಬಿದರಿ ಇವಕ್ಕೆಲ್ಲ ಜಿ.ಐ. ಗುರುತು ಕೊಡಿಸಿದ್ದು ಇದಕ್ಕಾಗಿಯೇ. ಯಾರದೋ ಒಬ್ಬರ ಹಕ್ಕಲ್ಲ ಅದು, ಆ ಊರಿನ ಹಕ್ಕು. ನನ್ನ ಅನುಭವವೂ ಸಣ್ಣದೊಂದಿದೆ. ಮಳೆಯಲ್ಲಿ ನೆನೆದು ತೆಗೆದ ಫೋಟೋ ಸಂಜೆಗೆ ಹೆಸರಿಲ್ಲದೆ ಹತ್ತಾರು ವಾಟ್ಸಾಪ್ ಗುಂಪುಗಳಲ್ಲಿ ತಿರುಗುತ್ತಿರುತ್ತದೆ. ಎಲ್ಲರೂ ನೋಡಿದರು ಎಂಬ ಖುಷಿಯೂ ಇದೆ, ಪೆಟ್ರೋಲ್ ಖರ್ಚು ಯಾರು ಕೊಡುತ್ತಾರೆ ಎಂಬ ಪ್ರಶ್ನೆಯೂ ಇದೆ. ಹಾಗಾಗಿ 'ಎಲ್ಲವನ್ನೂ ಬಿಟ್ಟುಕೊಡಿ' ಎನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಸರ್ಕಾರದ ಅನುದಾನ, ಟಿಕೆಟ್ ದುಡ್ಡು ಇರುವ ಮ್ಯೂಸಿಯಂಗೆ ಧಾರಾಳವಾಗುವುದು ಸುಲಭ.

ಆದರೂ ರೈಕ್ಸ್‌ಮ್ಯೂಸಿಯಂ ಮಾಡಿದ್ದು ವಾಟ್ಸನ್ ಮಾಡಿದ್ದಕ್ಕಿಂತ ಬೇರೆ. ವಾಟ್ಸನ್ನನ ಪುಸ್ತಕ ಬರೀ 20 ಕಡೆ ಇತ್ತು, ಅದನ್ನು ತೆರೆಯುವ ಅವಕಾಶ ಹೆಚ್ಚಾಗಿ ಸಿಕ್ಕಿದ್ದು ಗಿರಣಿ ನಡೆಸುವವರಿಗೆ. ಇದು ಬೆಲಾರೂಸಿನವರಿಗೂ ತೆರೆಯಿತು, ನಿಮ್ಮ ಕೈಯಲ್ಲಿರುವ ಫೋನಿಗೂ ತೆರೆಯುತ್ತದೆ.

ಆ ಸಂಗ್ರಹದಲ್ಲಿ ನಮ್ಮದೂ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಮೇಯರ್ ಆಗಿದ್ದ ನಿಕೊಲಾಸ್ ವಿಟ್ಸನ್ ಎಂಬಾತ ತರಿಸಿಕೊಂಡಿದ್ದ ಚಿತ್ರಗಳ ಆಲ್ಬಂ ಒಂದು ಅಲ್ಲಿದೆ. 1680ರ ದಶಕದಲ್ಲಿ ಗೋಲ್ಕೊಂಡದ ಕಡೆ ಬರೆಸಿದ್ದು. ಮೊಘಲರು, ಗೋಲ್ಕೊಂಡದ ಸುಲ್ತಾನರು, ಶಿವಾಜಿ ಮಹಾರಾಜರು, ಜೊತೆಗೆ ನಮ್ಮ ಬಿಜಾಪುರದ ಆದಿಲ್‌ಶಾಹಿಗಳು. ಔರಂಗಜೇಬ 1686ರಲ್ಲಿ ಬಿಜಾಪುರ ಗೆದ್ದ ಆಸುಪಾಸಿನಲ್ಲೇ ಈ ಮುಖಗಳು ಹಡಗು ಹತ್ತಿ ಹೋದವು.

ಅದಕ್ಕೂ ಮೊದಲು ಉಲ್ಟಾ ಪ್ರಯಾಣವೊಂದು ನಡೆದಿತ್ತು. ನೆದರ್ಲೆಂಡ್ಸ್‌ನ ಹಾರ್ಲೆಮ್ ಊರಿನ ಚಿತ್ರಕಾರ ಕಾರ್ನೆಲಿಸ್ ಹೆಡಾ ಸುತ್ತಿ ಬಳಸಿ ಗೋವಾ ಮುಟ್ಟಿ, 1610ರ ಹೊತ್ತಿಗೆ ಬಿಜಾಪುರಕ್ಕೆ ಬಂದ. ಎರಡನೇ ಇಬ್ರಾಹಿಂ ಆದಿಲ್‌ಶಾಹನಿಗೆ ಸಂಗೀತ, ಚಿತ್ರ ಅಂದರೆ ಪ್ರಾಣ. ಆಸ್ಥಾನದಲ್ಲೇ ಇಟ್ಟುಕೊಂಡ. ಹೆಡಾ ಮತ್ತೆ ಊರಿಗೆ ಹೋಗಲಿಲ್ಲ, 1622ರಲ್ಲಿ ಬಿಜಾಪುರದಲ್ಲೇ ತೀರಿಕೊಂಡ. ಅವನು ಸತ್ತ ಹತ್ತು ವರ್ಷಕ್ಕೆ, ಅವನ ದೇಶದ ಡೆಲ್ಫ್ಟ್ ಊರಿನಲ್ಲಿ, ಮುಂದೆ ಹಾಲು ಹೊಯ್ಯುವವಳನ್ನು ಬಿಡಿಸಲಿದ್ದ ವರ್ಮೀರ್ ಹುಟ್ಟಿದ.

ಆದಿಲ್‌ಶಾಹಿಗಳ ಆ ಚಿತ್ರಗಳನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿ. ನಡುಪಟ್ಟಿಯ ಜರಿ ಅಂಚು, ಪೇಟದ ಸುತ್ತು, ಕೈಯಲ್ಲಿ ಹಿಡಿದದ್ದು ಗಮನಿಸಿ. ಮಗ್ಗ ಇರುವ ಮನೆಯವರು ಯಾರಾದರೂ ಆ ಅಂಚನ್ನು ಲೆಕ್ಕ ಹಾಕಿ ನೇಯ್ದರೆ ನನಗೊಂದು ಫೋನ್ ಮಾಡಿ. ಫೋಟೋ ತೆಗೆಯಲು ಬರುತ್ತೇನೆ, ನೇಯ್ದವರ ಹೆಸರನ್ನೂ ಹಾಕುತ್ತೇನೆ.