ಇನ್ಸುಲಿನ್ ಮತ್ತು ಮೈದಾನ: ನೂರು ವರ್ಷದ ದಾರಿ

ಆರೋಗ್ಯವಂತರು ಓಡತೊಡಗಿದ ಕೂಡಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುತ್ತದೆ. ಆದರೆ ಚರ್ಮದಡಿ ಚುಚ್ಚಿಕೊಂಡ ಇನ್ಸುಲಿನ್ನನ್ನು ವಾಪಸ್ ಪಡೆಯಲಾಗದು. ಅತ್ತ ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಎರಡೂ ಕೂಡಿದಾಗ ಶುಗರ್ ‘ಲೋ’ ಆಗುತ್ತದೆ: ಕೈ ನಡುಕ, ಬೆವರು, ಕಣ್ಣು ಮಂಜು. ಟೈಪ್ 1 ಮಧುಮೇಹವಿರುವ ಆಟಗಾರರ ಕುರಿತ ಸಂಶೋಧನೆಯೆಲ್ಲ ಬಹುಪಾಲು ಈ ಒಂದು ಗಂಟಿನ ಸುತ್ತಲೇ ನಡೆದಿದೆ.

1922ರಲ್ಲಿ ಟೊರಾಂಟೊದಲ್ಲಿ ರೋಗಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟ ನಾಲ್ಕೇ ವರ್ಷಕ್ಕೆ ಲಂಡನ್ನಿನ ಆರ್.ಡಿ. ಲಾರೆನ್ಸ್ ಈ ಗಂಟನ್ನು ಗುರುತಿಸಿದರು. ವ್ಯಾಯಾಮ ಇನ್ಸುಲಿನ್ನಿನ ಪ್ರಭಾವ ಹೆಚ್ಚಿಸುತ್ತದೆ ಎಂದು 1926ರಲ್ಲಿ ತೋರಿಸಿದ ಅವರು ಸ್ವತಃ ಇನ್ಸುಲಿನ್ನಿಂದ ಬದುಕುಳಿದ ವೈದ್ಯರು. ತಿಳಿದದ್ದೇನೋ ಆಯಿತು, ಅಳೆಯುವುದು ಹೇಗೆ? ದಶಕಗಳ ಕಾಲ ಮನೆಯಲ್ಲಿದ್ದದ್ದು ಮೂತ್ರಪರೀಕ್ಷೆ. ಬೆನೆಡಿಕ್ಟ್ ದ್ರಾವಣಕ್ಕೆ ಮೂತ್ರದ ಹನಿ ಬಿಟ್ಟು ಕಾಯಿಸಿದರೆ ನೀಲಿ ಬಣ್ಣ ಹಸಿರಾಗಿ, ಇಟ್ಟಿಗೆ ಕೆಂಪಾಗಿ ತಿರುಗುತ್ತಿತ್ತು. ಅದು ಹೇಳುತ್ತಿದ್ದದ್ದು ಕಳೆದ ಕೆಲವು ಗಂಟೆಗಳ ಸುದ್ದಿ, ಈ ಕ್ಷಣದ್ದಲ್ಲ. ಆ ಕಾಲದಲ್ಲೇ ಅಮೆರಿಕದ ಟೆನಿಸ್ ಆಟಗಾರ, ಬಾಲ್ಯದಿಂದಲೇ ಮಧುಮೇಹಿಯಾಗಿದ್ದ ಬಿಲ್ ಟಾಲ್ಬರ್ಟ್ 1940ರ ದಶಕದಲ್ಲಿ ರಾಷ್ಟ್ರೀಯ ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದರು. 

1978ರಲ್ಲಿ ಕೊಯಿವಿಸ್ಟೊ ಮತ್ತು ಫೆಲಿಗ್, ತೊಡೆಗೆ ಚುಚ್ಚಿಕೊಂಡು ಸೈಕಲ್ ತುಳಿದರೆ ಇನ್ಸುಲಿನ್ ಬೇಗ ರಕ್ತ ಸೇರುತ್ತದೆ ಎಂದು ಕಂಡುಕೊಂಡರು. ಓಡುವವರು ಹೊಟ್ಟೆಗೆ ಚುಚ್ಚಿಕೊಳ್ಳುವುದು ಲೇಸು ಎಂಬ ಸಲಹೆಗೆ ಅದು ಬಲ ಕೊಟ್ಟಿತು. ಆಮೇಲೆ ಗ್ಲುಕೋಮೀಟರ್ ಮನೆಗೆ ಬಂತು. 1997ರಲ್ಲಿ ಮಧುಮೇಹ ಪತ್ತೆಯಾದ ವಾಸಿಂ ಅಕ್ರಂ 2003ರ ವಿಶ್ವಕಪ್‌ವರೆಗೂ ವೇಗದ ಬೌಲಿಂಗ್ ಮಾಡಿದ್ದನ್ನು ನಮ್ಮ ಕ್ರಿಕೆಟ್ ಪ್ರಿಯರು ನೋಡಿದ್ದಾರೆ.

ಹೊಸ ಶತಮಾನದಲ್ಲಿ ಚಿತ್ರ ಬದಲಾಯಿತು. ಆಟ ಶುಗರನ್ನು ಬರೀ ಇಳಿಸುವುದಿಲ್ಲ. ಜೋರಿನ ಓಟ, ಪಂದ್ಯದ ಒತ್ತಡಗಳಲ್ಲಿ ಅಡ್ರಿನಲಿನ್ ಅದನ್ನು ಏರಿಸುತ್ತದೆ ಕೂಡ. ಮಿತವಾದ ವ್ಯಾಯಾಮದ ಕೊನೆಗೆ ಹತ್ತೇ ಸೆಕೆಂಡ್ ಶಕ್ತಿಮೀರಿ ಓಡಿದರೆ ಸಕ್ಕರೆ ಕುಸಿಯುವುದು ಕೆಲಹೊತ್ತು ನಿಲ್ಲುತ್ತದೆ ಎಂದು 2006ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ತಂಡ ತೋರಿಸಿತು. ಮರುವರ್ಷ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮುಖ್ಯ: ಸಂಜೆ ವ್ಯಾಯಾಮ ಮಾಡಿದ ಹದಿಹರೆಯದವರ ದೇಹ, 7ರಿಂದ 11 ಗಂಟೆಗಳ ಬಳಿಕ ಮತ್ತೆ ಸಕ್ಕರೆ ಕೇಳುತ್ತದೆ. ಅಂದರೆ ಅಪಾಯ ಬರುವುದು ನಿದ್ದೆಯಲ್ಲಿ.

2017ರ ಅಂತರರಾಷ್ಟ್ರೀಯ ಒಮ್ಮತದ ಮಾರ್ಗಸೂಚಿ ಇವನ್ನೆಲ್ಲ ಒಟ್ಟುಗೂಡಿಸಿತು: ಆಟ ಶುರುಮಾಡುವಾಗ ರಕ್ತದ ಸಕ್ಕರೆ ಸಾಮಾನ್ಯವಾಗಿ ಡೆಸಿಲೀಟರ್‌ಗೆ 126ರಿಂದ 180 ಮಿ.ಗ್ರಾಂ ಇರಲಿ, ದೀರ್ಘ ಆಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಮುಂಚಿನ ಊಟದ ಇನ್ಸುಲಿನ್ ತಗ್ಗಿಸಿ. ಎಷ್ಟು ತಗ್ಗಿಸಬೇಕು ಎಂಬುದನ್ನು ವೈದ್ಯರ ಜೊತೆ ಕೂತೇ ತೀರ್ಮಾನಿಸಬೇಕು.

ತೊಡಕು ಇರುವುದು ಇಲ್ಲೇ. ಇನ್ಸುಲಿನ್ ಮೊದಲೇ ತಗ್ಗಿಸಲು ಆಟ ಮೊದಲೇ ಗೊತ್ತಿರಬೇಕು. ಊಟ ಮಾಡಿ ಇನ್ಸುಲಿನ್ ಚುಚ್ಚಿಕೊಂಡಾದ ಮೇಲೆ, ಒಬ್ಬ ಕಡಿಮೆ ಇದ್ದಾನೆ, ಬಾ ಎಂದು ಶಟಲ್ ಕೋರ್ಟಿನಿಂದ ಫೋನ್ ಬಂದರೆ? ಆಗ ಉಳಿಯುವುದು ಕಿಟ್‌ಬ್ಯಾಗಿನ ಗ್ಲೂಕೋಸ್ ಪುಡಿಯೊಂದೇ. ಹೆಚ್ಚಿನ ಪ್ರಯೋಗಗಳು ನಡೆದದ್ದೂ ಸೈಕಲ್, ಟ್ರೆಡ್‌ಮಿಲ್‌ಗಳ ಮೇಲೆ. ಬಿಸಿಲಲ್ಲಿ ಮೂರು ಗಂಟೆ ಫೀಲ್ಡಿಂಗ್, ನಡುವೆ ನಾಲ್ಕು ಓವರ್ ಬೌಲಿಂಗ್ ಎಂಬ ಭಾನುವಾರದ ಲೆಕ್ಕಕ್ಕೆ ಅವು ನೇರವಾಗಿ ಒಗ್ಗುವುದಿಲ್ಲ.

ತೋಳಿಗಂಟಿಸಿ ಸಕ್ಕರೆ ಅಳೆಯುವ ಸೆನ್ಸರ್ ಈ ಕೊರತೆಯನ್ನು ಸ್ವಲ್ಪ ತುಂಬಿದೆ. ಆದರೆ ಓಡುವಾಗ ಅದರ ಅಂಕಿ ರಕ್ತದ ನಿಜ ಮಟ್ಟಕ್ಕಿಂತ ಹಲವು ನಿಮಿಷ ಹಿಂದಿರುತ್ತದೆ; ಸಂಶಯವಿದ್ದರೆ ಬೆರಳು ಚುಚ್ಚಿಯೇ ನೋಡಬೇಕು. ಸೆನ್ಸರ್ ಮಾತು ಕೇಳಿ ತಾನೇ ಇನ್ಸುಲಿನ್ ಹೊಂದಿಸುವ ಪಂಪ್‌ಗಳಿಗೂ ಆಟದ ಸುದ್ದಿಯನ್ನು ಒಂದೆರಡು ಗಂಟೆ ಮೊದಲೇ ತಿಳಿಸಬೇಕು. ಇನ್ಸುಲಿನ್ ಜೊತೆಗೆ, ಸಕ್ಕರೆ ಏರಿಸುವ ಗ್ಲುಕಗಾನನ್ನೂ ಬಿಡುವ ಜೋಡಿ ಪಂಪ್‌ಗಳ ಮೇಲೆ ಪ್ರಯೋಗಗಳು ನಡೆದಿವೆ. ಒಳಗೆ ಹೋದ ಇನ್ಸುಲಿನ್ ವಾಪಸ್ ಬರದಿದ್ದರೂ ಅದಕ್ಕೆ ಎದುರುಬಲ ಕೊಡುವ ದಾರಿಯಿದು.