ಹೆಸರು ಕಳೆದುಕೊಂಡಿದ್ದ ದ್ರಾಕ್ಷಿ

ಹೆಸರಿನಲ್ಲೇನಿದೆ ಎಂದು ಕೇಳುವವರುಂಟು. ಆದರೆ ತಪ್ಪು ಹೆಸರಿನಿಂದಾಗಿ ದಕ್ಷಿಣ ಅಮೆರಿಕದ ಚಿಲಿ ದೇಶದ ರೈತರು ಒಂದು ಶತಮಾನಕ್ಕೂ ಹೆಚ್ಚು ಕಾಲ ಒಂದು ದ್ರಾಕ್ಷಿಯನ್ನು ಸರಿಯಾಗಿ ಮಾಗುವ ಮುನ್ನವೇ ಕೊಯ್ಯುತ್ತಿದ್ದರು. ಕೆಂಪು ವೈನ್ ತಯಾರಿಸುವ ಆ ತಳಿಯ ನಿಜವಾದ ಹೆಸರು ಕಾರ್ಮೆನೇರ್.

ಇದರ ತವರು ಫ್ರಾನ್ಸಿನ ಬೋರ್ಡೋ ಪ್ರಾಂತ್ಯ. ಎಲೆ ಉದುರುವ ಮುನ್ನ ಇದರ ಬಳ್ಳಿ ಕಡುಗೆಂಪಾಗುತ್ತದೆ. ಆ ಬಣ್ಣವನ್ನು ಸೂಚಿಸುವ ಫ್ರೆಂಚ್ ಪದದಿಂದಲೇ ಈ ಹೆಸರು ಬಂದಿತೆನ್ನುತ್ತಾರೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಬೇರಿನ ರಸ ಹೀರಿ ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿತು. ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಿ ರೈತರು ತಮ್ಮ ತಳಿಗಳನ್ನು ಉಳಿಸಿಕೊಂಡರು. ಆದರೆ ಹೂವು ಉದುರಿಸುವ, ತಡವಾಗಿ ಮಾಗುವ ಕಾರ್ಮೆನೇರ್ ಯಾರಿಗೂ ಬೇಡವಾಯಿತು. ತಳಿ ಅಳಿಯಿತೆಂದೇ ಎಲ್ಲರೂ ನಂಬಿದರು.

ಅಷ್ಟರಲ್ಲಾಗಲೇ ಅದರ ಕಡ್ಡಿಗಳು ಕಡಲು ದಾಟಿದ್ದವು. 19ನೇ ಶತಮಾನದ ಮಧ್ಯಭಾಗದಲ್ಲಿ ಚಿಲಿಯ ಶ್ರೀಮಂತ ಜಮೀನುದಾರರು ಬೋರ್ಡೋದಿಂದ ಬಳ್ಳಿಗಳನ್ನು ತರಿಸಿ ನೆಟ್ಟಿದ್ದರು. ಒಂದೆಡೆ ಆಂಡಿಸ್ ಪರ್ವತ, ಇನ್ನೊಂದೆಡೆ ಸಾಗರ, ಉತ್ತರಕ್ಕೆ ಮರುಭೂಮಿ ಇರುವ ಆ ನಾಡಿಗೆ ಕೀಟ ಬರಲಿಲ್ಲ. ಕಾರ್ಮೆನೇರ್ ಬದುಕಿತು. ಆದರೆ ಅದನ್ನೇ ಹೋಲುವ ಮೆರ್ಲೊ ತಳಿಯ ಜೊತೆ ಬೆರೆತು, ಆ ಹೆಸರಿನಲ್ಲೇ ಮಾರಾಟವಾಗತೊಡಗಿತು.

1994ರ ನವೆಂಬರ್ 24ರಂದು ಫ್ರಾನ್ಸಿನ ತಳಿತಜ್ಞ ಜಾನ್ ಮಿಶೆಲ್ ಬೂರ್ಸಿಕೊ ಚಿಲಿಯ ಮೈಪೊ ಕಣಿವೆಯ ತೋಟವೊಂದಕ್ಕೆ ಬಂದರು. ಅಲ್ಲಿನ 'ಮೆರ್ಲೊ' ಹೂವುಗಳ ಕೇಸರ ಡೊಂಕಾಗಿದ್ದುದು ಅವರ ಕಣ್ಣಿಗೆ ಬಿತ್ತು. ಇದು ಮೆರ್ಲೊ ಅಲ್ಲ, ಕಾರ್ಮೆನೇರ್ ಎಂದು ಅವರು ಗುರುತಿಸಿದರು. 1998ರಲ್ಲಿ ಚಿಲಿ ಸರ್ಕಾರ ಅದನ್ನು ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿತು.

ಹೆಸರು ಸಿಕ್ಕಿದ್ದರಿಂದ ರುಚಿಯೂ ಬದಲಾಯಿತು. ಕಾರ್ಮೆನೇರ್ ಮಾಗಲು ಮೆರ್ಲೊಗಿಂತ ಮೂರು ನಾಲ್ಕು ವಾರ ಹೆಚ್ಚು ಬೇಕು. ಎರಡನ್ನೂ ಒಟ್ಟಿಗೆ ಕೊಯ್ದಾಗ ವೈನಿನಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಮೇಲೇಳುತ್ತಿತ್ತು. ಮಾಗಲು ಬಿಟ್ಟಾಗ ಅದು ಹಿತವಾದ ಮಸಾಲೆ ಘಮವಾಗಿ ಇಳಿಯಿತು. ಕಪ್ಪು ಹಣ್ಣುಗಳ ಪರಿಮಳ, ಕಡುಗೆಂಪು ಬಣ್ಣ, ನಾಲಿಗೆಯನ್ನು ಹಿಡಿಯದ ಮೃದುವಾದ ಒಗರು ಇದರ ಗುಣ.

ಊಟದ ಜೊತೆಗೂ ಇದು ಹೊಂದುತ್ತದೆ. ಕೆಂಡದ ಮೇಲೆ ಸುಟ್ಟ ಮಾಂಸ, ಜೀರಿಗೆ ಹಾಕಿದ ಖಾದ್ಯಗಳಿಗೆ ಇದು ಒಳ್ಳೆಯ ಜೋಡಿ. ಕೊಚ್ಚಿದ ಮಾಂಸ, ಈರುಳ್ಳಿಯ ಮೇಲೆ ರುಬ್ಬಿದ ಎಳೆ ಮೆಕ್ಕೆಜೋಳ ಹರಡಿ ಮಣ್ಣಿನ ಬಟ್ಟಲಲ್ಲಿ ಬೇಯಿಸುವ 'ಪಾಸ್ತೆಲ್ ದೆ ಚೊಕ್ಲೊ' ಎಂಬ ಚಿಲಿಯ ಮನೆಯಡುಗೆಯೊಂದಿಗೂ ಅದನ್ನು ಬಡಿಸುತ್ತಾರೆ. ತೆಳು ರುಚಿಯ ಮೀನಿನ ಜೊತೆ ಮಾತ್ರ ಅದು ಸೇರದು. ಮೀನಿನ ಸವಿಯನ್ನೇ ಮುಚ್ಚಿಬಿಡುತ್ತದೆ.

ಇಂದು ಕಾರ್ಮೆನೇರ್ ಚಿಲಿಯ ಹೆಮ್ಮೆ. ಪ್ರತಿ ನವೆಂಬರ್ 24ರಂದು ಅದರ ದಿನಾಚರಣೆ ನಡೆಯುತ್ತದೆ. ತವರು ಮರೆತ ಬಳ್ಳಿಯನ್ನು ಸಾಕಿದ ನಾಡೂ ಅದರ ಗುರುತು ಅರಿಯದೇ ಇತ್ತು. ಗುರುತು ಹಿಡಿದ ಮೇಲೆ ಮಾಡಬೇಕಾಗಿದ್ದುದು ಇಷ್ಟೆ: ಇನ್ನು ಮೂರು ವಾರ ಕಾಯುವುದು.